ಬೆಡಿಗೂ ಇದ್ದು ಕೈಯಳತೆ

ಓಟು ಬಂತು ಹೇಳಿ ಆದರೆ ಎಂಗಳ ಮನೆಲಿ ಸುರುವಿಂಗೆ ಅಪ್ಪ ಕೆಲಸ ಎಂತರ ಗೊಂತಿದ್ದೋ? ಕೋವಿಯ ಉದ್ದಿ, ಹಳೇ ವೇಷ್ಟಿಲಿ ಸುತ್ತಿ, ಪೋಲೀಸು ಠಾಣೆಗೆ ಕೊಂಡೋಗಿ ಕೊಡುದು. ಚುನಾವಣೆ ಮುಗುದ ಮೇಲೆ ರಶೀದಿ ತೋರ್ಸಿ ವಾಪಾಸು ತಪ್ಪದು. ತೋಟಕ್ಕೆ ಮಂಗ, ಹಂದಿ ಬಪ್ಪ ಊರಿಲಿಪ್ಪ ನಿಂಗೊಗೆಲ್ಲ ಇದು ಹೊಸತ್ತಲ್ಲ. ಎಂಗಳಲ್ಲಿ ಕೋವಿ ಅಜ್ಜಂದು, ರಶೀದಿ ಅಜ್ಜಿದು. ಅಜ್ಜಿ ಅದರ ಸಾಸಮೆ ಡಬ್ಬಿಯ ಅಡಿಲಿ ಮಡುಗುಗು.

ಆ ಕೋವಿಯ ಅಜ್ಜಿ ಜೀವಮಾನಲ್ಲಿ ಒಂದರಿ ಮಾಂತ್ರ ಕೈಗೆ ತೆಕ್ಕೊಂಡದಡ. ಅಜ್ಜ ಅನುಪ್ಪತ್ಯಕ್ಕೆ ಹೋಗಿಪ್ಪ ಇರುಳು ಹಂದಿಗೊ ತೋಟಕ್ಕೆ ನುಗ್ಗಿದವು. ಅಜ್ಜಿ ಗೋಡೆಂದ ಕೋವಿ ಇಳುಶಿ, ಅಜ್ಜ ಮಾಡ್ತ ಹಾಂಗೆ ಹೆಗಲಿಂಗೆ ಕೊಟ್ಟು ನೋಡಿತ್ತಡ. ಬೆರಳು ಟ್ರಿಗರಿಂಗೆ ಎತ್ತಿದ್ದಿಲ್ಲೆ. ಅಜ್ಜ ಆರಡಿ ಆಳು, ಕೋವಿಯ ಹಿಂದಾಣ ಮರ ಅವರ ಕೈಯುದ್ದಕ್ಕೆ ಸರಿ ಇದ್ದದು. ಅಜ್ಜಿ ಕೋವಿಯ ಪುನಃ ಅಲ್ಲೇ ನೇಲ್ಸಿಕ್ಕಿ, ಎಣ್ಣೆ ತಗಡು ಬಡುದು ಹಂದಿ ಓಡ್ಸಿತ್ತು. "ಮನೆ ಕಾವಲೆ ಇಪ್ಪ ಸಾಮಾನು, ಮನೆಲಿ ಇಪ್ಪೋರ ಕೈಗೇ ಆಗದ್ದ ಹಾಂಗೆ ಮಾಡಿದ್ದವು" ಹೇಳಿ ಎಂಗೊಗೆ ಕತೆ ಹೇಳುವಗ ನೆಗೆ ಮಾಡುಗು.

ಎಂಗೊಗೂ ಅದು ನೆಗೆಯ ಕತೆಯೇ ಆಗಿತ್ತು, ಕಳುದ ಬೇಸಗೆಲಿ ತಂಗೆಯ ಮಗಳು ಬಪ್ಪಲ್ಲಿ ಒರೆಗೆ.

ಈ ಕೂಸು ಡಿಗ್ರಿ ಎರಡ್ನೇ ವರ್ಷ. ಹೈಸ್ಕೂಲಿಂದಲೇ ಏರ್ ಪಿಸ್ತೂಲಿಲಿ ಗುರಿ ಹೊಡವಲೆ ಕಲ್ತುಗೊಂಡಿದ್ದು, 10 ಮೀಟರು ದೂರಲ್ಲಿಪ್ಪ ಕಾಗದದ ಚಕ್ರಕ್ಕೆ. ಈಗ 25 ಮೀಟರಿನ ಪಂದ್ಯಕ್ಕೆ ಹೋಯೆಕ್ಕು ಹೇಳಿ ಆಶೆ. ಅದಕ್ಕೆ ಬೇಕಪ್ಪದು .22ರ ಸೆಮಿ ಆಟೋಮೆಟಿಕ್ ಪಿಸ್ತೂಲು. ಎರಡು ತಿಂಗಳು ಅಭ್ಯಾಸ ಮಾಡಿಕ್ಕಿ, ಮಣಿಕಟ್ಟಿಂಗೆ ಬಟ್ಟೆ ಸುತ್ತಿಗೊಂಡು ಬಂದು ಎನ್ನ ಚಾವಡಿಲಿ ಮನುಗಿತ್ತು. ಅಲ್ಲಿ ಕಲಿಶುವವು "ನಿನ್ನ ಕೈ ಸಣ್ಣ, ನಿನಗೆ ಇದು ಅಪ್ಪದಲ್ಲ, ಏರ್ ಪಿಸ್ತೂಲಿಲೇ ಇರು" ಹೇಳಿದವಡ. ಕೂಸು ಅದರ ನಂಬಿಯೂ ಬಿಟ್ಟಿದು. "ದೊಡ್ಡಮ್ಮ, ಕೈ ದೊಡ್ಡ ಮಾಡ್ಲೆ ಎಂತಾರು ಇದ್ದೋ?" ಹೇಳಿ ಕೇಳಿತ್ತು. ಕೇಳುವಗ ನೆಗೆ ಮಾಡಿಗೊಂಡೇ ಕೇಳಿದ್ದು, ಆದರೆ ಕಣ್ಣಿಲಿ ನೀರಿತ್ತು.

ಎನ್ನ ಸಂಗತಿ ನಿಂಗೊಗೆ ಗೊಂತಿದ್ದು. ಮೂವತ್ತು ವರ್ಷ ಶಾಲೆಲಿ ಚರಿತ್ರೆ ಪಾಠ ಮಾಡಿದ್ದೆ. ಪಾಣಿಪತ್ತಿನ ಯುದ್ಧ ಎಷ್ಟು, ಯೇವ ಇಸವಿಲಿ ಹೇಳಿ ಮಕ್ಕೊಗೆ ಬಾಯಿಪಾಠ ಮಾಡ್ಸಿದ್ದೆ. ಆಯುಧ ಹಿಡುದವರ ಕೈ ಎಷ್ಟು ದೊಡ್ಡ ಇತ್ತು ಹೇಳಿ ಒಂದರಿಯೂ ಆಲೋಚನೆ ಮಾಡಿದ್ದಿಲ್ಲೆ. ಕೂಸಿನ ಪ್ರಶ್ನೆಗೆ ಉತ್ತರ ಹುಡ್ಕಿಗೊಂಡು ಆನು ಓದಿದ್ದರ ಇಲ್ಲಿ ಬರೆತ್ತೆ. ಬೆಡಿಯ ವಿಷಯ ನವಗೆಂತಕೆ ಹೇಳಿ ಮೋರೆ ತಿರುಗುಸೆಡಿ ಅಕ್ಕಂದ್ರೇ. ಇದು ಬೆಡಿಂದ ಹೆಚ್ಚು ಕೈಯ ಕತೆ.

ಬಳೆ ಮಾರುವೋಳು ಬಂದರೆ ಎಂತ ಮಾಡ್ತು? ಬಳೆ ತೋರ್ಸುವ ಮದಲು ಕೈ ಹಿಡಿತ್ತು. ಹೆಬ್ಬೆರಳಿನ ಒಳ ಮಡುಸಿ, ಗೆಣ್ಣಿನ ಒಂದರಿ ಒತ್ತಿ ನೋಡಿಕ್ಕಿ ಎರಡು-ನಾಲ್ಕೋ ಎರಡು-ಆರೋ ಹೇಳ್ತು. ಎರಡಿಂಚು, ಅದರ ಮೇಲೆ ಇಂಚಿನ ಹದ್ನಾರರಲ್ಲಿ ನಾಲ್ಕು ಪಾಲೋ ಆರು ಪಾಲೋ ಹೇಳಿ ಲೆಕ್ಕ. ಅರೆಕಾಲಿಂಚು ಹೆಚ್ಚುಕಮ್ಮಿ ಆದರೆ ಒಂದೋ ಕೈ ಗೀರ್ತು, ಅಲ್ಲದ್ದರೆ ಬಳೆ ಜಾರ್ತು. ಬಳೆ ಹೊಗದ್ದರೆ "ನಿನ್ನ ಕೈ ಸರಿ ಇಲ್ಲೆ" ಹೇಳಿ ಯೇವ ಬಳೆಗಾರ್ತಿಯೂ ಇಷ್ಟನ್ನಾರ ಹೇಳಿದ್ದಿಲ್ಲೆ. ಪಿಸ್ತೂಲಿನ ಚರಿತ್ರೆಲಿ ಮಾಂತ್ರ ಸುಮಾರು ನೂರು ವರ್ಷ ಹಾಂಗೇ ಹೇಳಿಗೊಂಡಿತ್ತಿದ್ದವು.

ಅದೆಂತಕೆ ಹೇಳಿ ತಿಳಿಯೆಕ್ಕಾರೆ ಬೆಡಿಯ ಹೊಟ್ಟೆಯ ಒಳ ರಜ್ಜ ನೋಡೆಕ್ಕು. ಕೈಬೆಡಿಲಿ ಮುಖ್ಯವಾಗಿ ಎರಡು ಜಾತಿ. ಒಂದು ರಿವಾಲ್ವರು. ಹಳೇ ಸಿನೆಮಲ್ಲಿ ಕಾಂಬದು, ನಡುಕೆ ತಿರುಗುವ ಉರುಟು ಡಬ್ಬಿ ಇಪ್ಪದು. ಐದಾರು ತೋಟೆ ಆ ಉರುಟಿಲಿ ಕೂರ್ತು. ಹಿಡಿಯ ಒಳ ಹೆಚ್ಚಿಗೆ ಎಂತದೂ ಇಲ್ಲೆ, ಒಂದು ಸ್ಪ್ರಿಂಗು ಇಕ್ಕು. ಹಾಂಗಾಗಿ ಹಿಡಿಯ ಮರವ ಬೇಕಾದ ಹಾಂಗೆ ತೆಳು ಮಾಡ್ಲಕ್ಕು, ಉಬ್ಬು ಮಾಡ್ಲಕ್ಕು. ಇನ್ನೊಂದು ಜಾತಿ ಸೆಮಿ ಆಟೋಮೆಟಿಕ್ ಪಿಸ್ತೂಲು. ಟ್ರಿಗರ್ ಒಂದರಿ ಎಳದರೆ ಒಂದೇ ಗುಂಡು ಹೋವುತ್ತು. ಆ ಹೊಡೆತದ ಬಲಲ್ಲೇ ಮೇಲಾಣ ಸ್ಲೈಡು ಹಿಂದೆ ಸರುದು ಕಾಲಿ ತೋಟೆಯ ಹೆರ ಇಡ್ಕುತ್ತು, ಮುಂದೆ ಬಪ್ಪಗ ಹೊಸ ತೋಟೆಯ ನಳಿಗೆಗೆ ನೂಕುತ್ತು. ಈ ಹೊಸ ತೋಟೆಗೊ ಇಪ್ಪದೆಲ್ಲಿ? ಹಿಡಿಯ ಒಳವೇ. ಮ್ಯಾಗಝೀನು ಹೇಳ್ತ ಉದ್ದ ಡಬ್ಬಿಲಿ ಒಂದರ ಮೇಲೆ ಒಂದು, ಸೌದಿ ಅಟ್ಟಿದ ಹಾಂಗೆ.

ತಾಪತ್ರಯ ಎಲ್ಲ ಸುರು ಅಪ್ಪದು ಇಲ್ಲಿಂದ. ತೋಟೆ ಹಿಡಿಯ ಒಳ ಅಡ್ಡ ಮನುಗಿಗೊಂಡಿರ್ತು. ಅದು ಎಷ್ಟು ಉದ್ದವೋ, ಹಿಡಿ ಹಿಂದಂದ ಮುಂದಂಗೆ ಅದರಿಂದ ಹೆಚ್ಚೇ ಅಗಲ ಇರೆಕ್ಕು. ಅಮೇರಿಕದ .45 ತೋಟೆ ಹತ್ರಹತ್ರ 32 ಮಿಲಿಮೀಟರು ಉದ್ದ. 9 ಎಂಎಂ ಹೇಳ್ತದು 30ರ ಹತ್ರೆ. .32, .22 ಎಲ್ಲ 25ರ ಆಸುಪಾಸು. ಹಾಂಗೆ ಹಿಡಿಯ ಅಳತೆಯ ತೋಟೆ ನಿಶ್ಚಯ ಮಾಡಿತ್ತು, ಕೈ ಅಲ್ಲ. ತೋಟೆಯ ನಿಶ್ಚಯ ಮಾಡಿದ್ದು ಸೈನ್ಯ. ಕೈಯ ಆರೂ ಕೇಳಿದ್ದವಿಲ್ಲೆ.

ಕೈಗೆ ಅಪ್ಪದು ಹೇಳಿರೆ ಎಂತರ ಹೇಳಿ ಕೂಸು ಎನಗೆ ಒಂದು ಬಾಚಣಿಗೆಯ ಹಿಡುಶಿ ತೋರ್ಸಿತ್ತು. ಹೆಬ್ಬೆರಳಿಂಗೂ ತೋರುಬೆರಳಿಂಗೂ ನಡುಕಾಣ ಸಂದು ಇದ್ದಲ್ಲದೋ, ಅದು ಹಿಡಿಯ ಹಿಂಬದಿಗೆ ಎತ್ತರಲ್ಲಿ ಗಟ್ಟಿ ಕೂರೆಕ್ಕು. ನಳಿಗೆ, ಮುಂಗೈಯ ಎಲುಬು ಎರಡೂ ಒಂದೇ ಗೆರೆಲಿ ಬರೆಕ್ಕು. ಹಾಂಗೆ ಹಿಡುದಪ್ಪಗ ತೋರುಬೆರಳಿನ ಕೊಡಿಯ ಮೆತ್ತೆ ಟ್ರಿಗರಿನ ಮೇಲೆ ತನ್ನಷ್ಟಕ್ಕೇ ಬಂದು ನಿಲ್ಲೆಕ್ಕು. ಹಿಡಿ ದಪ್ಪ ಆದರೆ ಬೆರಳು ಎತ್ತುತ್ತಿಲ್ಲೆ. ಎತ್ತದ್ದಿಪ್ಪಗ ನಾವು ಎಂತ ಮಾಡ್ತು? ಗೊಂತಾಗದ್ದೆ ಇಡೀ ಕೈಯ ರಜ್ಜ ತಿರುಗುಸುತ್ತು. ನಳಿಗೆ ಗೆರೆ ತಪ್ಪುತ್ತು, ಭಾರ ಎಲ್ಲ ಹೆಬ್ಬೆರಳಿನ ಬುಡಕ್ಕೆ ಬೀಳ್ತು. ಒಂದು ಕಿಲೊದ ಹತ್ರೆ ತೂಕದ ಸಾಮಾನಿನ ಒಂದೇ ಕೈಲಿ ಹಾಂಗೆ ತಿರುಗುಸಿ ದಿನಾಗಳೂ ಗಂಟೆಗಟ್ಲೆ ಹಿಡುದರೆ ಮಣಿಕಟ್ಟು ಬೇನೆ ಆಗದ್ದೆ ಇಕ್ಕೋ?

ಇನ್ನು ಚರಿತ್ರೆ. ಈ ಜಾತಿ ಪಿಸ್ತೂಲಿಲಿ ಎಲ್ಲೋರಿಂದ ದೊಡ್ಡ ಹೆಸರು ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಅಮೇರಿಕದ ಯೂಟಾ ಪ್ರಾಂತ್ಯದ ಆಗ್ಡೆನಿಲಿ ಹುಟ್ಟಿದವು. ಅವರ ಅಪ್ಪನದ್ದೂ ಬೆಡಿ ಮಾಡುವ ಕೆಲಸವೇ. ಬೆಲ್ಜಿಯಮಿನ ಎಫ್‌ಎನ್ ಹೇಳ್ತ ಕಾರ್ಖಾನೆಗೆ ಅವು ಅಂಗಿಕಿಸೆಲಿ ಹಿಡಿವಷ್ಟು ಸಣ್ಣ ಪಿಸ್ತೂಲುಗಳ ಮಾಡಿಕೊಟ್ಟವು. 1914 ಜೂನ್ 28ಕ್ಕೆ ಸೆರಾಯೆವೋಲ್ಲಿ ಆಸ್ಟ್ರಿಯದ ಯುವರಾಜಂಗೆ ಹತ್ತೊಂಬತ್ತು ವರ್ಷದ ಮಾಣಿ ಗುಂಡು ಹಾಕಿದ್ದು ಅವರ 1910ರ ಮಾದರಿಯ ಪಿಸ್ತೂಲಿಲಿ. ಆ ಇಸವಿಯ ಎಷ್ಟು ಸರ್ತಿ ಬೋರ್ಡಿಲಿ ಬರದ್ದೆನೋ! ಆ ಬೆಡಿ ಅರ್ಧ ಕಿಲೊಂದ ರಜ್ಜ ಹೆಚ್ಚು ತೂಕದ ಸಣ್ಣ ಸಾಮಾನು ಹೇಳಿ ಎನಗೆ ಗೊಂತಾದ್ದು ಈಗ.

ಸೈನ್ಯಕ್ಕೆ ಬೇಕಾದ್ದು ಸಣ್ಣದಲ್ಲ. ಫಿಲಿಪೈನ್ಸಿಲಿ ಮೋರೋ ಜನಂಗಳೊಟ್ಟಿಂಗೆ ಕಾದುವಗ ಅಮೇರಿಕದ ಸೈನಿಕರ .38 ರಿವಾಲ್ವರಿನ ಗುಂಡು ಸಾಲ್ತಿಲ್ಲೆ ಹೇಳಿ ದೂರು ಬಂತು. ದೊಡ್ಡ ಗುಂಡೇ ಆಯೆಕ್ಕು ಹೇಳಿ ನಿಶ್ಚಯ ಮಾಡಿದವು. ಬ್ರೌನಿಂಗು ಅದಕ್ಕೆ ತಕ್ಕ .45ರ ಪಿಸ್ತೂಲು ಮಾಡಿದವು, 1911 ಮಾರ್ಚ್ 29ಕ್ಕೆ ಸೈನ್ಯ ಅದರ ಒಪ್ಪಿತ್ತು. ಹೆಸರೂ ಎಂ 1911 ಹೇಳಿಯೇ. ಏಳು ತೋಟೆ, 1.1 ಕಿಲೊ ತೂಕ. ಭಾರೀ ಗಟ್ಟಿ ಸಾಮಾನು, ಎಪ್ಪತ್ತು ವರ್ಷಂದ ಹೆಚ್ಚು ಅಲ್ಲಿ ಕೆಲಸಕ್ಕೆ ಬಂತು.

ಒಂದ್ನೇ ಮಹಾಯುದ್ಧಲ್ಲಿ ಆ ಪಿಸ್ತೂಲು ಲಕ್ಷಗಟ್ಲೆ ಕೈಗೊಕ್ಕೆ ಹೋತು. ಅಷ್ಟಪ್ಪಗಳೇ ಗೊಂತಾದ್ದು, ಲಕ್ಷ ಕೈಗೆ ಒಂದೇ ಅಳತೆ ಅಪ್ಪಲೆಡಿಯ ಹೇಳಿ. ಇವೆಲ್ಲ ಗೆಂಡುಮಕ್ಕೊ, ನೆಂಪು ಮಡುಗಿ. ಬೆರಳು ಗಿಡ್ಡ ಇಪ್ಪವಕ್ಕೆ ಟ್ರಿಗರ್ ಎತ್ತುತ್ತಿಲ್ಲೆ. ಸುಮಾರು ಜೆನಕ್ಕೆ ಎತ್ತಿ ಹಿಡುದಪ್ಪಗ ನಳಿಗೆಯ ಮೋರೆ ಕೆಳ ನೋಡ್ತು. ತೋರ ಕೈಯವಕ್ಕೆ ಹಿಂದೆ ಬಪ್ಪ ಸುತ್ತಿಗೆ ಕೈಯ ಸಂದಿನ ಕಚ್ಚುತ್ತು. 1920ರ ದಶಕಲ್ಲಿ ಇದರ ತಿದ್ದಿದವು. ಟ್ರಿಗರಿನ ಗಿಡ್ಡ ಮಾಡಿದವು. ಟ್ರಿಗರಿನ ಹಿಂದೆ ಕಬ್ಬಿಣವ ಎರಡೂ ಹೊಡೆಲಿ ರಜ್ಜ ಕೆರಸಿ ಬೆರಳಿಂಗೆ ದಾರಿ ಮಾಡಿದವು. ಹಿಡಿಯ ಹಿಂಬದಿಯ ಅಡಿಭಾಗವ ಕಮಾನಿನ ಹಾಂಗೆ ಉಬ್ಬುಸಿದವು, ನಳಿಗೆ ಮೇಲೆ ನೋಡಲಿ ಹೇಳಿ. ಕೈ ಕಚ್ಚದ್ದ ಹಾಂಗೆ ಮೇಗಾಣ ಬಾಲವ ಉದ್ದ ಮಾಡಿದವು. 1926ರಲ್ಲಿ ಅದಕ್ಕೆ ಎಂ 1911 ಎ1 ಹೇಳಿ ಹೆಸರಾತು. ಯಂತ್ರದ ಒಳ ಎಂತದೂ ಬದಲಿದ್ದಿಲ್ಲೆ ಹೇಳ್ಲಕ್ಕು. ಬದಲಿದ್ದು ಕೈ ಮುಟ್ಟುವ ಜಾಗೆಗೊ ಮಾಂತ್ರ.

ಇದರಲ್ಲಿ ಎನಗೆ ಕುಶಿ ಆದ ಸಂಗತಿ ಇನ್ನೊಂದಿದ್ದು. ಆ ಉಬ್ಬು ಎಲ್ಲೋರಿಂಗೂ ಹಿಡಿಸಿದ್ದಿಲ್ಲೆ. ಕೆಲವಕ್ಕೆ ಹಳೇ ಚಪ್ಪಟೆ ಬೆನ್ನೇ ಲಾಯ್ಕ, ಕೆಲವಕ್ಕೆ ಉಬ್ಬು ಬೆನ್ನು. ಈಗಳೂ ಈ ಪಿಸ್ತೂಲಿನ ಎರಡೂ ನಮುನೆಲಿ ಮಾಡ್ತವು, ಎರಡಕ್ಕೂ ಜನ ಇದ್ದವು. ನಮ್ಮಲ್ಲಿ ಮೆಟ್ಟುಕತ್ತಿಲಿ ಕೂದು ಕೊರವವು, ಚೂರಿಲಿ ಹಲಗೆ ಮೇಲೆ ಕೊರವವು ಹೇಳಿ ಎರಡು ಪಂಗಡ ಇಲ್ಲೆಯೋ? ಹಾಂಗೇ. ಒಬ್ಬಂಗೆ ತಿದ್ದಿದ್ದು ಇನ್ನೊಬ್ಬಂಗೆ ತಪ್ಪು.

ಬ್ರೌನಿಂಗು 1926ರಲ್ಲಿ ಬೆಲ್ಜಿಯಮಿಲಿ, ಕೆಲಸಲ್ಲಿಪ್ಪಗಳೇ ತೀರಿಗೊಂಡವು. ಅವು ಸುರು ಮಾಡಿದ ಕಡೇ ಪಿಸ್ತೂಲಿನ ಡ್ಯುಡನೇ ಸೇವ್ ಹೇಳ್ತವು ಮುಗುಶಿದವು. 1935ರಲ್ಲಿ ಹೈ ಪವರ್ ಹೇಳಿ ಹೆರ ಬಂತು. ತೋಟೆಗಳ ಒಂದೇ ಸಾಲಿಲಿ ಅಲ್ಲ, ಎರಡು ಸಾಲಿಲಿ ಆಚೀಚೆ ಸಂದುಸಂದಿಂಗೆ ಜೋಡ್ಸಿ 13 ಹಿಡುಶಿದವು. ಹಿಡಿ ತೋರ ಅಪ್ಪದು ಸಹಜ. ಆದರೆ ಸೇವ್ ಹಿಡಿಯ ಉರುಟು ತಿರುಪ್ಪಿ, ಹೊಡೆಯಾಣ ಮರವ ಕಾಗದದ ಹಾಂಗೆ ತೆಳು ಮಾಡಿದವು. ಅಷ್ಟು ತೋಟೆ ಇದ್ದರೂ ಕೈಗೆ ಇಷ್ಟು ಹಿತ ಅಪ್ಪ ಪಿಸ್ತೂಲು ಇಲ್ಲೆ ಹೇಳಿ ಅದಕ್ಕೆ ಈಗಳೂ ಹೆಸರಿದ್ದು. ತೋಟೆಯನ್ನೇ ದೂರಿ ಕೂರೆಕ್ಕು ಹೇಳಿ ಇಲ್ಲೆ, ಮಾಡುವವಕ್ಕೆ ಮನಸ್ಸು ಬೇಕು ಅಷ್ಟೆ.

ಎರಡ್ನೇ ಮಹಾಯುದ್ಧಲ್ಲಿ ಜರ್ಮನಿಯವು ಬೆಲ್ಜಿಯಮಿನ ಹಿಡುದಪ್ಪಗ ಈ ಪಿಸ್ತೂಲಿನ ಕೆನಡಲ್ಲಿ, ಟೊರಾಂಟೊದ ಇಂಗ್ಲಿಸ್ ಕಾರ್ಖಾನೆಲಿ ಮಾಡ್ಲೆ ಸುರು ಮಾಡಿದವು, ಮದಾಲು ಚೀನಾದ ಸೈನ್ಯಕ್ಕೆ ಹೇಳಿ. ಆ ಕಾರ್ಖಾನೆಲಿ ಬೆಡಿ ಮಾಡುಲೆ ಹೆಮ್ಮಕ್ಕೊ ಸಾವಿರಗಟ್ಲೆ ಇತ್ತಿದ್ದವು. ಅಲ್ಯಾಣ ವೆರೋನಿಕಾ ಫಾಸ್ಟರ್ ಹೇಳ್ತ ಕೂಸಿನ ಪಟ 1941ರಲ್ಲಿ "ಬ್ರೆನ್ ಗನ್ ಗರ್ಲ್" ಹೇಳಿ ದೇಶ ಇಡೀ ಪ್ರಚಾರಕ್ಕೆ ಹಾಕಿದವು, ತಲೆಗೆ ವಸ್ತ್ರ ಕಟ್ಟಿಗೊಂಡು ಬೆಡಿಯ ಹತ್ರೆ ನಿಂದದು. ಯುದ್ಧ ಮುಗುದ ಮೇಲೆ ಅದೇ ಕಾರ್ಖಾನೆ ವಸ್ತ್ರ ಒಗವ ಮಿಶನು ಮಾಡಿತ್ತು. ಬೆಡಿ ಮಾಡ್ಲೆ ಹೆಮ್ಮಕ್ಕಳ ಕೈ ಅಕ್ಕು, ಅದರ ಹಿಡಿವ ಅಳತೆಗೆ ಮಾಂತ್ರ ಅವರ ಕೈ ಲೆಕ್ಕಕ್ಕಿಲ್ಲೆ! ನಮ್ಮ ದೇಶದ ಸೈನ್ಯಲ್ಲಿಪ್ಪ 9 ಎಂಎಂ ಪಿಸ್ತೂಲೂ ಇದರದ್ದೇ ವಂಶ, ಬಂಗಾಳದ ಇಶಾಪುರದ ಕಾರ್ಖಾನೆಲಿ ಮಾಡಿದ್ದು.

1985ರಲ್ಲಿ ಅಮೇರಿಕದ ಸೈನ್ಯ ಹಳೇ .45ರ ಬಿಟ್ಟು ಇಟೆಲಿಯ ಬೆರೆಟಾ ಪಿಸ್ತೂಲು ತೆಕ್ಕೊಂಡತ್ತು. ಎಂ 9 ಹೇಳಿ ಹೆಸರು, 15 ತೋಟೆ. ಅಷ್ಟಪ್ಪಗ ಆ ಸೈನ್ಯಲ್ಲಿ ಹೆಮ್ಮಕ್ಕೊ ಧಾರಾಳ ಸೇರಿತ್ತಿದ್ದವು. ಹಿಡಿ ತೋರ, ಸುರುವಾಣ ಗುಂಡಿಂಗೆ ಟ್ರಿಗರ್ ದೂರಂದ ಎಳೆಯೆಕ್ಕು. ಸಣ್ಣ ಕೈಯವರ ದೂರು ವರ್ಷಗಟ್ಲೆ ಇತ್ತು.

ಕೈಯ ಕೇಳದ್ದೆ ತೋಟೆ ನಿಶ್ಚಯ ಮಾಡಿರೆ ಎಂತ ಆವುತ್ತು ಹೇಳುದಕ್ಕೆ ಎಫ್‌ಬಿಐಯ ಕತೆ ಸಾಕು. 1986ರಲ್ಲಿ ಮಯಾಮಿಲಿ ಕಳ್ಳರೊಟ್ಟಿಂಗೆ ಗುಂಡಿನ ಕಾಳಗ ಆಗಿ ಅವರ ಇಬ್ರು ಸತ್ತವು. ನಮ್ಮ ಗುಂಡಿಂಗೆ ಬಲ ಸಾಲ ಹೇಳಿ 10 ಎಂಎಂ ಹೇಳ್ತ ದೊಡ್ಡ ತೋಟೆಯ ತಂದವು. ಪಿಸ್ತೂಲು ದೊಡ್ಡ, ಒದೆತ ಜೋರು. ಸುಮಾರು ಜೆನಕ್ಕೆ ಕೈಲಿ ನಿಂದಿದಿಲ್ಲೆ. 1990ರಲ್ಲಿ ಅದನ್ನೇ ಗಿಡ್ಡ ಮಾಡಿ .40 ಹೇಳಿ ಒಂದು ಬಂತು. ಕಾಲು ಶತಮಾನ ಕಳುದು ತಿರುಗಿ 9 ಎಂಎಂಗೇ ಬಂದವು. ಬಲ ಇದ್ದರೂ ಗುರಿಗೆ ತಾಗದ್ದ ಗುಂಡಿಂದ ಎಂತ ಪ್ರಯೋಜನ?

ಗ್ಲಾಕ್ ಹೇಳ್ತ ಹೆಸರು ಸಿನೆಮಲ್ಲಿ ಕೇಳಿಪ್ಪಿ. ಆಸ್ಟ್ರಿಯದ ಗಾಸ್ಟನ್ ಗ್ಲಾಕ್ ಮದಲು ಕಿಟಿಕಿ ಪರದೆ ನೇಲ್ಸುವ ಸರಳು ಮಾಡಿಗೊಂಡಿತ್ತಿದ್ದವಡ, ಮತ್ತೆ ಸೈನ್ಯಕ್ಕೆ ಚೂರಿ. 1982ರಲ್ಲಿ ಅವರ ಪಿಸ್ತೂಲಿನ ಆಸ್ಟ್ರಿಯದ ಸೈನ್ಯ ಆರ್ಸಿತ್ತು. ಚೌಕಟ್ಟು ಪ್ಲಾಸ್ಟಿಕ್ಕಿನ ನಮುನೆದು, ಹಗುರ. ಆದರೆ ಹಿಡಿಯ ಓರೆ ಹಳತ್ತರಿಂದ ಹೆಚ್ಚು. 1911 ಹಿಡುದು ಅಭ್ಯಾಸ ಆದವು ಇದರ ಎತ್ತಿರೆ ನಳಿಗೆ ಆಕಾಶ ನೋಡ್ತು. ಬೇರೆ ಮನೆಯ ಕತ್ತಿಲಿ ಹುಲ್ಲು ಕೆರಸುವಗ ನಮ್ಮ ಕೈ ಎಡವುತ್ತಲ್ಲದೋ, ಅದೇ. ಇನ್ನೊಂದು ಉಪದ್ರ, ಹಳೇ ಪಿಸ್ತೂಲಿಂಗೆ ಹೊಡೆಲಿ ಮರದ ತುಂಡು ಇತ್ತು, ಅದರ ಬಿಚ್ಚಿ ತೆಳುದು ಹಾಕುಲೆ ಎಡಿಗು. ಎರಕ ಹೊಯಿದ ಪ್ಲಾಸ್ಟಿಕ್ಕಿನ ಎಂತ ಮಾಡುದು?

ಅದಕ್ಕೆ ಉಪಾಯ ಬಂದದು 1990ರ ದಶಕಲ್ಲಿ, ಜರ್ಮನಿಯ ವಾಲ್ತರ್ ಪಿ 99ರಲ್ಲಿ. ಹಿಡಿಯ ಬೆನ್ನಿನ ಬೇರೆಯೇ ತುಂಡು ಮಾಡಿ, ಸಣ್ಣ, ನಡುಕಾಣದ್ದು, ದೊಡ್ಡ ಹೇಳಿ ಬಗೆಬಗೆದು ಕೊಟ್ಟವು. ಕೈಗೆ ಆದ್ದರ ಸಿಕ್ಕುಸಿರೆ ಆತು. 2010ಕ್ಕಪ್ಪಗ ಗ್ಲಾಕಿನವೂ ಹಾಂಗೆ ಮಾಡಿದವು. 2017ರಲ್ಲಿ ಅಮೇರಿಕದ ಸೈನ್ಯ ಎಂ 9ರ ಬದಲು ಹೊಸ ಪಿಸ್ತೂಲು ಆರ್ಸುವಗ, ಹಿಡಿಯ ಅಳತೆ ಬದಲ್ಸುಲೆ ಎಡಿಯೆಕ್ಕು ಹೇಳುದು ಕರಾರಿಲೇ ಇತ್ತು. 1911ಂದ 2017. ನೂರಾರು ವರ್ಷ ಬೇಕಾತು ನೋಡಿ, ಬಳೆಗಾರ್ತಿಗೆ ಗೊಂತಿಪ್ಪ ಬುದ್ಧಿ ಬಪ್ಪಲೆ.

"ಹೆಮ್ಮಕ್ಕೊಗೆ ಹೇಳಿಯೇ ಮಾಡಿದ ಬೆಡಿ ಇಲ್ಲೆಯೋ?" ಹೇಳಿ ತಂಗೆ ಕೇಳಿತ್ತು. ಇದ್ದು. ಅದರ ಓದಿಯೇ ಎನಗೆ ಹೆಚ್ಚು ಪಿಸುರು ಬಂದದು. ಅಮೇರಿಕದ ಸ್ಮಿತ್ ಆಂಡ್ ವೆಸನಿನವು 1902ರಲ್ಲಿಯೇ ಲೇಡಿಸ್ಮಿತ್ ಹೇಳ್ತ ಸಣ್ಣ ರಿವಾಲ್ವರು ಮಾಡಿತ್ತಿದ್ದವು. 1989ರಲ್ಲಿ ಅದೇ ಹೆಸರಿಲಿ ಪುನಃ ಬಂತು. ನಮ್ಮ ದೇಶಲ್ಲಿ, ದೆಲ್ಲಿಲಿ ಆ ಕೂಸಿಂಗೆ ಆದ ಘೋರದ ಮತ್ತೆ, 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಂದ "ನಿರ್ಭೀಕ್" ಹೇಳ್ತ .32 ರಿವಾಲ್ವರು ಬಂತು. ಟೈಟೇನಿಯಮ್ ಬೆರುಸಿ ಅರ್ಧ ಕಿಲೊದಷ್ಟು ಹಗುರ ಮಾಡಿದ್ದವು. ಆಗ ಅದರ ಬೆಲೆ 1 ಲಕ್ಷ 22 ಸಾವಿರದ ಮೇಲೆ ಇತ್ತು, ತೆರಿಗೆ ಬೇರೆ. ಕೊಟ್ಟದು ಕುಂಕುಮಗೆಂಪಿನ ಒಡವೆಪೆಟ್ಟಿಗೆಲಿ!

ಹಗುರ ಆದರೆ ಹೆಮ್ಮಕ್ಕೊಗೆ ಸುಲಾಬ ಹೇಳಿ ಗ್ರೇಶಿದವೋ ಏನೋ. ಚೀಲಲ್ಲಿ ಹೊತ್ತುಗೊಂಡು ಹೋಪಲೆ ಸುಲಾಬ, ಅಪ್ಪು. ಆದರೆ ಅದೇ ತೋಟೆಯ ಹಗುರದ ಬೆಡಿಲಿ ಹೊಡದರೆ ಒದೆತ ಹೆಚ್ಚೇ ಹೊರತು ಕಮ್ಮಿ ಅಲ್ಲ. ಭಾರದ ಒರಳು ಕುಲುಕುತ್ತಿಲ್ಲೆ, ಹಗುರದ್ದು ಹಾರ್ತು. ಅರೆದು ಗೊಂತಿಪ್ಪ ನವಗೆ ಇದರ ಪುಸ್ತಕ ನೋಡಿ ಕಲಿಯೆಕ್ಕು ಹೇಳಿ ಇಲ್ಲೆ. ಒಡವೆಪೆಟ್ಟಿಗೆ ಮಾಡುವ ಮದಲು ನಾಲ್ಕು ಹೆಮ್ಮಕ್ಕಳ ಕೈ ಹಿಡುದು ನೋಡಿದವೋ ಹೇಳಿ ಎನಗೆ ಕೇಳೆಕ್ಕು ಹೇಳಿ ಆವುತ್ತು. ಮನೆಲಿ ಬೆಡಿ ಇದ್ದರೆ ಧೈರ್ಯ ಹೇಳುದೂ ಎನಗೆ ಒಪ್ಪಲೆ ಬತ್ತಿಲ್ಲೆ, ಅದು ಬೇರೆ ಮಾತು, ಇಲ್ಲಿ ಬೇಡ.

ನಿಜವಾಗಿ ಕೈಯ ಕೇಳಿ ಮಾಡುವ ಪಿಸ್ತೂಲು ಇಪ್ಪದು ಆಟದ ಮೈದಾನಲ್ಲಿ. ಹೆಮ್ಮಕ್ಕಳ 25 ಮೀಟರು ಪಿಸ್ತೂಲು ಪಂದ್ಯ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಲಿ ಸುರುವಾತು. .22 ತೋಟೆ, ಪಿಸ್ತೂಲು 1400 ಗ್ರಾಮಿಂದ ಹೆಚ್ಚು ಇಪ್ಪಲಾಗ, ಟ್ರಿಗರಿಂಗೆ ಕಮ್ಮಿಲಿ 1 ಕಿಲೊ ಎಳೆತ ಬೇಕು, ಒಂದೇ ಕೈಲಿ ಹಿಡಿಯೆಕ್ಕು, ಹಿಡಿ ಮಣಿಕಟ್ಟಿಂಗೆ ಆಧಾರ ಕೊಡ್ಲಾಗ. ಇಷ್ಟು ನಿಯಮ. ಅದರ ಒಳ ಹಿಡಿಯ ಎಷ್ಟೂ ಕೆತ್ತುಲಕ್ಕು. ಹಿಡಿ ಮರದ್ದು, ಸಣ್ಣ-ನಡು-ದೊಡ್ಡ ಹೇಳಿ ಬತ್ತು, ಬಲಗೈಗೆ ಬೇರೆ, ಎಡಗೈಗೆ ಬೇರೆ. ಅದನ್ನೂ ಹಾಂಗೇ ಉಪಯೋಗ್ಸುತ್ತವಿಲ್ಲೆ. ತಾಗುವಲ್ಲಿ ಅರಂದ ಉದ್ದುತ್ತವು, ಸಡಿಲ ಇಪ್ಪಲ್ಲಿ ಮರದ ಮೇಣ ಮೆತ್ತುತ್ತವು. 2018ರ ಏಷ್ಯನ್ ಗೇಮ್ಸಿಲಿ ಈ ಪಂದ್ಯಲ್ಲಿ ಚಿನ್ನ ಗೆದ್ದದು ಕೊಲ್ಲಾಪುರದ ರಾಹಿ ಸರ್ನೋಬತ್. 2024ರಲ್ಲಿ ಪ್ಯಾರಿಸ್ಸಿಲಿ ಮನು ಭಾಕರ್ 10 ಮೀಟರಿಲಿ ಎರಡು ಕಂಚು ತೆಗದಿಕ್ಕಿ, ಈ 25 ಮೀಟರಿಲಿ ನಾಲ್ಕನೇದು ಆತು. ಅದರ ನಾವೆಲ್ಲ ಟೀವಿಲಿ ನೋಡಿದ್ದು. ಅಷ್ಟಪ್ಪಗ ಮೋರೆ ನೋಡಿದ್ದೆ, ಹಿಡಿಯ ನೋಡಿದ್ದಿಲ್ಲೆ.

ಇದರೆಲ್ಲ ಓದಿಕ್ಕಿ ಕೂಸಿನ ಹತ್ರೆ ಕೇಳಿದೆ: "ಅಲ್ಲ ಮಗಳೇ, ನಿನಗೆ ಕೊಟ್ಟ ಪಿಸ್ತೂಲಿನ ಹಿಡಿ ಯೇವ ಅಳತೆದು?" ಅದಕ್ಕೆ ಗೊಂತಿಲ್ಲೆ. ಅಲ್ಲಿ ಇಪ್ಪದು ಒಂದೇ, ಎಲ್ಲೋರೂ ಅದರನ್ನೇ ಹಿಡಿವದು. ವಿಚಾರ್ಸಿ ಅಪ್ಪಗ ದೊಡ್ಡ ಕೈಯ ಅಳತೆ. ಹೊಸ ಹಿಡಿ ವಿದೇಶಂದ ಬರೆಕ್ಕು, ಕ್ರಯ ಕೇಳಿ ತಂಗೆಗೆ ಬೆಶಿ ಆತು. ಅಲ್ಲೇ ಅಭ್ಯಾಸಕ್ಕೆ ಬಪ್ಪ ಹಿರಿಯ ಅಕ್ಕ ಒಂದು, ತನ್ನ ಹತ್ರೆ ಬಿದ್ದುಗೊಂಡಿದ್ದ ಅದೇ ಪಿಸ್ತೂಲಿನ ಹಳೇ ಹಿಡಿಯ ಕೊಟ್ಟತ್ತು. ಬರೀ ಮರದ ತುಂಡು, ಬೆಡಿ ಅಲ್ಲ. ಕೂಸು ಅದರ ಚೀಲಲ್ಲಿ ಹಾಕಿಗೊಂಡು ಬಂತು.

ಆನು ನಮ್ಮ ಕತ್ತಿಗೆ ಹಿಡಿ ಹಾಕುವ ಆಚಾರಿಯ ಹತ್ರೆ ಕರಕ್ಕೊಂಡು ಹೋದೆ. ಇದೆಂತರ ಹಿಡಿ ಹೇಳಿ ತುಳುವಿಲಿ ಕೇಳಿದವು. ಬೆಡಿದು ಹೇಳಿದೆ. ಒಂದು ಗಳಿಗೆ ಎನ್ನ ನೋಡಿದವು, ಮತ್ತೆ ಕೂಸಿನ ನೋಡಿದವು, ಮತ್ತೆ ಹೆಚ್ಚಿಗೆ ಎಂತದೂ ಕೇಳದ್ದೆ ಅದರ ಕೈ ಹಿಡುದವು. ಬೆರಳಿನ ಒಂದೊಂದರನ್ನೇ ಮಡುಸಿ ನೋಡಿದವು. ಒಲೆಯ ಮಸಿಯ ರಜ್ಜ ಎಣ್ಣೆಲಿ ಕಲಸಿ ಅಂಗೈಗೆ ಉದ್ದಿ, ಹಿಡಿಯ ಒಂದರಿ ಗಟ್ಟಿ ಹಿಡಿವಲೆ ಹೇಳಿದವು. ಬಿಟ್ಟಪ್ಪಗ ಮರಲ್ಲಿ ಎಲ್ಲಿ ಕಪ್ಪು ಹಿಡುದ್ದೋ ಅಲ್ಲಿ ಅರ ಹಾಕಿದವು. ಪುನಃ ಮಸಿ, ಪುನಃ ಅರ. ಮೂರು ಹೊತ್ತೋಪಗ ಹೀಂಗೆ ಆತು. ಕಿರುಬೆರಳಿನ ಹತ್ರೆ ಸಡಿಲ ಇದ್ದಲ್ಲಿಗೆ ಮರದ ಹೊಡಿಯ ಗೋಂದಿಲಿ ಕಲಸಿ ಮೆತ್ತಿದವು. ಪೈಸೆ ಎಷ್ಟು ಹೇಳಿ ಕೇಳಿರೆ, ಕತ್ತಿ ಹಿಡಿಗೆ ಎಷ್ಟೋ ಅಷ್ಟೇ ಕೊಡಿ ಹೇಳಿದವು.

ಆ ಇರುಳು ಕೂಸು ಊಟಕ್ಕೆ ಕೂಪಗಳೂ ಎಡದ ಕೈಲಿ ಆ ಮರದ ತುಂಡಿನ ತೆಕ್ಕೊಂಡು ಬಲದ ಕೈಲಿ ಸಿಕ್ಕುಸಿಗೊಂಡಿತ್ತು. ಎಂಜಲು ಆವುತ್ತು ಮಡುಗು ಹೇಳಿ ತಂಗೆ ಬೈದತ್ತು.

ಮೊನ್ನೆ ಫೋನು ಮಾಡಿದ್ದು. ಮಣಿಕಟ್ಟಿನ ಬಟ್ಟೆ ತೆಗದು ಹದಿನೈದು ದಿನ ಆತಡ. ಅಂಕ ಹೆಚ್ಚಾತೋ ಕೇಳಿದೆ. ಇಲ್ಲೆ ದೊಡ್ಡಮ್ಮ, ನಿಧಾನಕ್ಕೆ ಹೊಡವಲ್ಲಿ ಅಡ್ಡಿಲ್ಲೆ, ಮೂರು ಸೆಕೆಂಡಿಲಿ ಎತ್ತಿ ಹೊಡೆಯೆಕ್ಕಾದಲ್ಲಿ ಈಗಳೂ ತಪ್ಪುತ್ತು ಹೇಳಿತ್ತು. ಕಲಿಶುವವು ಎಂತ ಹೇಳಿದವು? ಹಿಡಿಯ ತಿರುಗುಸಿ ಮುರುಗುಸಿ ನೋಡಿಕ್ಕಿ, ಇದರ ಎಲ್ಲಿ ಮಾಡ್ಸಿದ್ದು ಹೇಳಿ ಕೇಳಿದವಡ. ಅಲ್ಲಿ ಇನ್ನೆರಡು ಕೂಸುಗೊಕ್ಕೂ ಅದೇ ಬೇನೆ ಇದ್ದಡ. ಹೆಬ್ಬೆರಳಿನ ಅಡಿಲಿ ಇನ್ನೂ ಒಂದು ನೂಲಿನಷ್ಟು ತೆಗದರೆ ಸರಿಯಕ್ಕು ಹೇಳಿ ಕೂಸಿನ ಲೆಕ್ಕ. ಬಪ್ಪ ಶನಿವಾರ ಬತ್ತಡ, ಆಚಾರಿಗೆ ಹೇಳಿ ಮಡುಗಿದ್ದೆ.